ಬ್ಯಾಟರಿ ಹೊಸದು, ಆದರೂ ಸೆಲ್ಫ್ ತಿರುಗಲ್ಲ: ಹಳೇ ಮಿಲಿಟರಿ ಜೀಪಿನ ವೈರಿಂಗ್ ತಿಳಿದುಕೊಳ್ಳುವುದು ಹೇಗೆ?

ಶ್ರೀನಿವಾಸಪುರದ ಕಡೆ ಮಾವಿನ ಸುಗ್ಗಿ ಶುರುವಾಯಿತು ಅಂದರೆ ಹಳೇ ಜೀಪುಗಳೆಲ್ಲ ಶೆಡ್ಡಿನಿಂದ ಹೊರಗೆ ಬರುತ್ತವೆ. ಕಾಯಿ ಸಾಗಿಸಲು ಟ್ರ್ಯಾಕ್ಟರ್ ಇದೆ, ಟೆಂಪೊ ಇದೆ. ಆದರೂ ಕೆಸರು ತುಂಬಿದ ತೋಟದ ದಾರಿಯಲ್ಲಿ ಫೋರ್ ವೀಲ್ ಜೀಪಿಗೆ ಇರುವ ಧೈರ್ಯ ಬೇರೆ ಗಾಡಿಗೆ ಇಲ್ಲ. ಈ ಜೀಪುಗಳಲ್ಲಿ ಎಷ್ಟೋ ಒಂದು ಕಾಲದಲ್ಲಿ ಸೇನೆಯಲ್ಲಿದ್ದವು. ಹರಾಜಿನಲ್ಲಿ ಹೊರಗೆ ಬಂದು, ಎರಡು ಮೂರು ಕೈ ಬದಲಾಗಿ, ಈಗ ನಮ್ಮ ಕೋಲಾರ ಜಿಲ್ಲೆಯ ತೋಟಗಳಲ್ಲಿ ದುಡಿಯುತ್ತಿವೆ. ಜನ ಅವನ್ನು ‘ಡಿಸ್ಪೋಸಲ್ ಗಾಡಿ’ ಅಂತಲೇ ಕರೆಯುತ್ತಾರೆ.

ಸುಗ್ಗಿಯ ಹಿಂದೆಯೇ ಮಳೆಯೂ ಬರುತ್ತದೆ. ರಾತ್ರಿ ಒಂದು ಹದ ಮಳೆ ಬಿದ್ದು, ಬೆಳಗ್ಗೆ ಕೀ ತಿರುಗಿಸಿದರೆ ‘ಟಕ್’ ಅಂತ ಒಂದು ಸದ್ದು. ಅಷ್ಟೇ. ಹೆಡ್‌ಲೈಟ್ ಉರಿಯುತ್ತದೆ, ಹಾರ್ನ್ ಕೂಗುತ್ತದೆ, ಎಂಜಿನ್ ಮಾತ್ರ ಅಲ್ಲಾಡುವುದಿಲ್ಲ. ನೋಡಿದವರೆಲ್ಲ ಹೇಳುವುದು ಒಂದೇ ಮಾತು: ‘ಬ್ಯಾಟರಿ ಹೋಗಿದೆ.’ ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದರೆ ಒಂದಷ್ಟು ದಿನ ಎಲ್ಲ ಸರಿ. ಆಮೇಲೆ ಮತ್ತೆ ಅದೇ ‘ಟಕ್’.

ನಮ್ಮ ಮನೆಯ ಜೀಪಿಗೂ ಹೀಗೇ ಆಯಿತು. ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಕೊಂಡೆವು. ತಪ್ಪು ಬ್ಯಾಟರಿಯದ್ದಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಅದಕ್ಕೇ ಈ ಬರಹ. ಇದನ್ನು ಓದಲು ಎಲೆಕ್ಟ್ರಿಕಲ್ ಕೋರ್ಸ್ ಮಾಡಿರಬೇಕಾಗಿಲ್ಲ. ಬೋರ್‌ವೆಲ್ ಮೋಟರ್ ಇಟ್ಟುಕೊಂಡು ಒದ್ದಾಡಿದ ಅನುಭವ ಇದ್ದರೆ ಸಾಕು.

ಬೋರ್‌ವೆಲ್ ಗೊತ್ತಿದ್ದರೆ ಇದೂ ಗೊತ್ತು

ಮೂರು ಮಾತು ಮೊದಲು ತಿಳಿದುಕೊಳ್ಳೋಣ: ವೋಲ್ಟ್, ಆಂಪಿಯರ್, ಓಮ್.

ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕ್ ನೆನೆಸಿಕೊಳ್ಳಿ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆಯೋ ನೀರಿಗೆ ಅಷ್ಟು ಒತ್ತಡ. ಆ ಒತ್ತಡ ಇದ್ದ ಹಾಗೆ ವೋಲ್ಟ್. ಪೈಪಿನಲ್ಲಿ ಒಂದು ನಿಮಿಷಕ್ಕೆ ಎಷ್ಟು ನೀರು ಹರಿಯಿತು ಅನ್ನುವುದು ಆಂಪಿಯರ್, ನಮ್ಮ ಮಾತಿನಲ್ಲಿ ‘ಆಂಪ್ಸ್’. ಪೈಪ್ ಸಣ್ಣದಾದರೆ, ಒಳಗೆ ಸುಣ್ಣ ಕಟ್ಟಿದರೆ ನೀರಿಗೆ ತಡೆ ಆಗುತ್ತದಲ್ವಾ? ಆ ತಡೆಯ ಅಳತೆ ಓಮ್.

ಇನ್ನು ಬೋರ್‌ವೆಲ್. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಬೋರ್‌ಗಳು ಹೊಸದಲ್ಲ. ಅಷ್ಟು ಆಳಕ್ಕೆ ಮೋಟರ್ ಇಳಿಸುವಾಗ ತೆಳು ಕೇಬಲ್ ಹಾಕಿದರೆ ಏನಾಗುತ್ತದೆ? ಮೇಲೆ ಸ್ಟಾರ್ಟರ್ ಬಾಕ್ಸಿನಲ್ಲಿ ವೋಲ್ಟೇಜ್ ಸರಿಯಾಗಿ ತೋರಿಸುತ್ತದೆ. ಕೆಳಗೆ ಮೋಟರ್ ಗೊಣಗುತ್ತದೆ, ನೀರು ಎತ್ತುವುದಿಲ್ಲ. ಹೊರಟ ವೋಲ್ಟೇಜು ದಾರಿಯಲ್ಲೇ ಕರಗಿರುತ್ತದೆ. ಇದಕ್ಕೆ ‘ವೋಲ್ಟೇಜ್ ಡ್ರಾಪ್’ ಅನ್ನುತ್ತಾರೆ. ಹಳೇ ಜೀಪಿನಲ್ಲಿ ಆಗುವುದೂ ಇದೇ. ಕೇಬಲ್ ಸಾವಿರ ಅಡಿ ಇಲ್ಲ, ನಾಲ್ಕೈದು ಅಡಿ ಇದೆ. ಆದರೆ ಅದರಲ್ಲಿ ಹರಿಯಬೇಕಾದ ಕರೆಂಟ್ ಬೋರ್ ಮೋಟರಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಲೈಟ್ ಉರಿಯುತ್ತೆ, ಸೆಲ್ಫ್ ಯಾಕೆ ತಿರುಗಲ್ಲ?

ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರಿಗೆ ನಾವು ‘ಸೆಲ್ಫ್’ ಅನ್ನುತ್ತೇವೆ. ಗಾಡಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕರೆಂಟ್ ಎಳೆಯುವುದು ಇದೇ. ಜೀಪಿನ ಪೆಟ್ರೋಲ್ ಎಂಜಿನ್ನಿಗೆ ಸುಮಾರು 150ರಿಂದ 250 ಆಂಪ್ಸ್ ಬೇಕು. ಡೀಸೆಲ್ ಆದರೆ ಇನ್ನೂ ಜಾಸ್ತಿ. ಎರಡು ಹೆಡ್‌ಲೈಟ್ ಸೇರಿ ಎಳೆಯುವುದು ಹೆಚ್ಚೂಕಮ್ಮಿ 10 ಆಂಪ್ಸ್.

ಈಗ ಕೇಬಲ್ಲಿನ ಒಂದು ಕಡೆ ಕಿಲುಬು ಹಿಡಿದು 0.01 ಓಮ್ ತಡೆ ಬಂದಿದೆ ಅಂದುಕೊಳ್ಳಿ. ಒಂದು ಓಮಿನ ನೂರರಲ್ಲಿ ಒಂದು ಭಾಗ. ಡ್ರಾಪ್ ಎಷ್ಟು ಅಂತ ತಿಳಿಯಲು ಆಂಪ್ಸನ್ನು ಓಮಿನಿಂದ ಗುಣಿಸಿದರೆ ಆಯಿತು. ಹೆಡ್‌ಲೈಟ್ ಹಾಕಿದಾಗ 10 ಗುಣಿಸು 0.01, ಅಂದರೆ 0.1 ವೋಲ್ಟ್ ಮಾತ್ರ ಕರಗಿತು. ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಸೆಲ್ಫ್ ಹೊಡೆದಾಗ 200 ಗುಣಿಸು 0.01, ಅಂದರೆ 2 ವೋಲ್ಟ್ ಹೋಯಿತು. 12 ವೋಲ್ಟಿನ ಗಾಡಿಯಲ್ಲಿ 2 ವೋಲ್ಟ್ ಅಂದರೆ ಆರರಲ್ಲಿ ಒಂದು ಪಾಲು.

ಹಾಗಾಗಿ ‘ಲೈಟ್ ಚೆನ್ನಾಗಿ ಉರಿಯುತ್ತಿದೆ, ಕೇಬಲ್ ಸರಿಯಾಗಿದೆ’ ಅನ್ನುವ ಮಾತನ್ನು ನಂಬಬೇಡಿ. ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್ ‘ವೈರು ತುಂಡಾಗಿಲ್ಲ’ ಅಂತ ಹೇಳಲು ಮಾಡುವ ‘ಪೀಂ’ ಸದ್ದನ್ನೂ ಇಲ್ಲಿ ನಂಬಬೇಡಿ. ಮೂವತ್ತು ಎಳೆಗಳಲ್ಲಿ ಎರಡೇ ಎಳೆ ಉಳಿದ ಕೇಬಲ್ಲಿಗೂ ಮೀಟರ್ ಪೀಂ ಅನ್ನುತ್ತದೆ. ಯಾಕೆಂದರೆ ಮೀಟರ್ ಕಳಿಸಿ ನೋಡುವ ಕರೆಂಟ್ ತೀರಾ ಸಣ್ಣದು. ಒಂದು ಎಳೆ ಇದ್ದರೂ ಅದಕ್ಕೆ ದಾರಿ ಸಾಕು. ಕೇಬಲ್ಲಿನ ನಿಜವಾದ ಬಣ್ಣ ತಿಳಿಯುವುದು ಅದರ ಮೇಲೆ ಭಾರ ಬಿದ್ದಾಗ, ಅಂದರೆ ಸೆಲ್ಫ್ ತಿರುಗುವಾಗ.

ಮಿಲಿಟರಿ ಗಾಡಿಯಲ್ಲಿ ಬೇರೆ ಏನಿದೆ?

ಮೊದಲ ಪ್ರಶ್ನೆ: ನಿಮ್ಮ ಗಾಡಿ ಎಷ್ಟು ವೋಲ್ಟಿನದು? ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಮತ್ತು ಫೋರ್ಡ್ ಜೀಪುಗಳು 6 ವೋಲ್ಟಿನವು. 1950ರಲ್ಲಿ ಅಮೆರಿಕದ ಸೇನೆಗೆ ಬಂದ ಎಂ38 ಜೀಪು 24 ವೋಲ್ಟಿನದು, ಅದರ ವೈರಿಂಗಿಗೆ ನೀರು ನುಗ್ಗದಂತೆ ರಕ್ಷಣೆಯೂ ಇತ್ತು. ನಮ್ಮ ದೇಶದಲ್ಲಿ 1947ರಿಂದ ಮಹೀಂದ್ರದವರು ಜೋಡಿಸಿದ ಜೀಪುಗಳು, ಜಬಲ್ಪುರದಲ್ಲಿ ತಯಾರಾದ ಜೋಂಗಾ ಅನ್ನುವ ಜೀಪಿನಂಥ ಗಾಡಿ, ಶಕ್ತಿಮಾನ್ ಲಾರಿ, ಹೀಗೆ ಬೇರೆ ಬೇರೆ ಗಾಡಿಗಳು ಸೇನೆಯಲ್ಲಿ ದುಡಿದಿವೆ. ಜೋಂಗಾ ಅನ್ನುವ ಹೆಸರು ಜಬಲ್ಪುರದ ಕಾರ್ಖಾನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಬಂದದ್ದು. ಕೈ ಬದಲಾಗುವಾಗ 24 ವೋಲ್ಟಿನ ಗಾಡಿಯನ್ನು 12ಕ್ಕೆ ಇಳಿಸಿರುವುದೂ ಉಂಟು. ಆದ್ದರಿಂದ ಮಾಡೆಲ್ ನೋಡಿ ಊಹಿಸಬೇಡಿ. ಬ್ಯಾಟರಿ ಎಷ್ಟಿವೆ, ಹೇಗೆ ಜೋಡಿಸಿದ್ದಾರೆ, ಬಲ್ಬಿನ ಬುಡದಲ್ಲಿ ಏನು ಬರೆದಿದೆ, ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಮತ್ತು ಸೆಲ್ಫಿನ ತಗಡಿನ ಪಟ್ಟಿಯಲ್ಲಿ ಏನಿದೆ, ಇಷ್ಟು ನೋಡಿ.

ಸೇನೆಯವರಿಗೆ 24 ವೋಲ್ಟ್ ಯಾಕೆ ಇಷ್ಟ? ಇದಕ್ಕೆ ಉತ್ತರ ನಮ್ಮ ಕೆಜಿಎಫ್‌ನಲ್ಲೇ ಇದೆ. 1902ರಲ್ಲಿ ಶಿವನಸಮುದ್ರದಿಂದ ಚಿನ್ನದ ಗಣಿಗಳಿಗೆ ಸುಮಾರು 150 ಕಿಲೋಮೀಟರ್ ದೂರ ವಿದ್ಯುತ್ ತಂದರು. ಅಷ್ಟು ದೂರ ತರಲು ಅವರು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದ್ದರು. ವೋಲ್ಟೇಜ್ ಏರಿಸಿದರೆ ಅದೇ ಕೆಲಸಕ್ಕೆ ಕಡಿಮೆ ಆಂಪ್ಸ್ ಸಾಕು. ಆಂಪ್ಸ್ ಕಡಿಮೆ ಆದರೆ ತಂತಿಯಲ್ಲಿ ಕರಗುವುದೂ ಕಡಿಮೆ. ಗಾಡಿಯಲ್ಲೂ ಅದೇ ಲೆಕ್ಕ. 2,000 ವ್ಯಾಟಿನ ಸೆಲ್ಫಿಗೆ 12 ವೋಲ್ಟಿನಲ್ಲಿ ಸುಮಾರು 167 ಆಂಪ್ಸ್ ಬೇಕು. 24 ವೋಲ್ಟಿನಲ್ಲಿ 83 ಸಾಕು. ವೈರ್‌ಲೆಸ್ ಸೆಟ್ಟು ಹೊತ್ತು ತಿರುಗುವ ಗಾಡಿಗೆ ಇದು ಅನುಕೂಲ.

24 ವೋಲ್ಟಿನ ಗಾಡಿಯಲ್ಲಿ ಸಾಮಾನ್ಯವಾಗಿ ಎರಡು 12 ವೋಲ್ಟಿನ ಬ್ಯಾಟರಿ ಇರುತ್ತವೆ. ಒಂದರ ಪ್ಲಸ್ಸು ಇನ್ನೊಂದರ ಮೈನಸ್ಸಿಗೆ. ಇಲ್ಲಿ ಜನ ಮಾಡುವ ಒಂದು ತಪ್ಪಿದೆ. ಹಾಡು ಕೇಳುವ ಸ್ಟೀರಿಯೊಗೋ ಮೊಬೈಲ್ ಚಾರ್ಜರಿಗೋ 12 ವೋಲ್ಟ್ ಬೇಕು ಅಂತ ಒಂದೇ ಬ್ಯಾಟರಿಯಿಂದ ವೈರ್ ಎಳೆದುಬಿಡುತ್ತಾರೆ. ಆ ಬ್ಯಾಟರಿ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಡೈನಮೋ ಎರಡನ್ನೂ ಒಟ್ಟಿಗೆ ಚಾರ್ಜ್ ಮಾಡುವುದರಿಂದ ಇಳಿದದ್ದು ಪೂರ್ತಿ ತುಂಬುವುದೇ ಇಲ್ಲ, ತುಂಬಿದ್ದಕ್ಕೆ ಇನ್ನೂ ಸುರಿಯುತ್ತದೆ. ಒಂದು ಹಸಿದು ಹಾಳು, ಇನ್ನೊಂದು ಕುದಿದು ಹಾಳು. ಜೋಡೆತ್ತಿನಲ್ಲಿ ಒಂದಕ್ಕೆ ಮಾತ್ರ ಹುಲ್ಲು ಹಾಕಿದ ಹಾಗೆ. 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ಹಾಕಿ.

ಇನ್ನೂ ಒಂದೆರಡು ವಿಷಯ ಸಾದಾ ಗಾಡಿಯಲ್ಲಿ ಇರುವುದಿಲ್ಲ. ಶತ್ರುವಿಗೆ ಕಾಣದಂತೆ ಮಬ್ಬು ಬೆಳಕು ಕೊಡುವ ಬ್ಲ್ಯಾಕ್‌ಔಟ್ ಲೈಟುಗಳು, ಅದಕ್ಕೆ ಬೇರೆ ಸ್ವಿಚ್ಚು. ಹಿಂದಿನ ಗಾಡಿಯವನಿಗೆ ಮಾತ್ರ ಕಾಣಲಿ ಅಂತ ಅಡಿಯಲ್ಲಿ ಕಟ್ಟಿದ ಕಾನ್ವಾಯ್ ಲೈಟು. ಹಿಂದೆ ಟ್ರೈಲರ್ ಸಾಕೆಟ್ಟು. ವೈರ್‌ಲೆಸ್ ಸೆಟ್ಟಿಗೆ ಎಳೆದ ವೈರು. ಗಾಡಿ ಸೇನೆಯಿಂದ ಹೊರಗೆ ಬರುವಾಗ ಸೆಟ್ಟು ಬಿಚ್ಚಿಕೊಳ್ಳುತ್ತಾರೆ, ವೈರು ಉಳಿದುಬಿಡುತ್ತದೆ. ಆ ತುದಿ ಎಲ್ಲಿದೆ ಅಂತ ಮೊದಲೇ ಹುಡುಕಿ ಇಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಮತ್ತೆ ಅದರ ಮಾತು ಬರುತ್ತದೆ.

ಕೈ ಹಾಕುವ ಮುಂಚೆ

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಬ್ಯಾಟರಿಯ ಎರಡು ತುದಿಗೆ ಸ್ಪ್ಯಾನರ್ ತಗುಲಿದರೆ ಅದು ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಉಂಗುರ, ಕಡಗ, ಸ್ಟೀಲ್ ವಾಚು ಬಿಚ್ಚಿಡಿ. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನ್ನುವ ಅನಿಲ ಬರುತ್ತದೆ, ಅದು ಕಿಡಿ ಸೋಕಿದರೆ ಸಿಡಿಯುತ್ತದೆ. ಬೀಡಿ ಸಿಗರೇಟು ದೂರ ಇರಲಿ. ಆಸಿಡ್ ಮೈಗೆ ಬಿದ್ದರೆ ಕೂಡಲೇ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ.

ಬಿಚ್ಚುವಾಗ ಅರ್ತ್ ಕೇಬಲ್ ಮೊದಲು, ಹಾಕುವಾಗ ಅರ್ತ್ ಕೇಬಲ್ ಕೊನೆಗೆ. ಗಾಡಿಯ ಕಬ್ಬಿಣದ ಮೈಯೆಲ್ಲ ಅರ್ತ್‌ಗೆ ಸೇರಿರುತ್ತದೆ. ಅರ್ತ್ ಮೊದಲೇ ಬಿಚ್ಚಿದ್ದರೆ, ಇನ್ನೊಂದು ತುದಿ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಏನೂ ಆಗುವುದಿಲ್ಲ. ಹೆಚ್ಚಿನ ಗಾಡಿಗಳಲ್ಲಿ ಮೈನಸ್ ಅರ್ತ್. ಹಳೇ ಕಾಲದ ಕೆಲವು ಬ್ರಿಟಿಷ್ ಗಾಡಿಗಳಲ್ಲಿ ಪ್ಲಸ್ ಅರ್ತ್. ಬಾಡಿಗೆ ಹೋಗುವ ಕೇಬಲ್ ಯಾವುದು ಅಂತ ಕಣ್ಣಾರೆ ನೋಡಿಯೇ ಮುಂದುವರಿಯಿರಿ.

ಬ್ಯಾಟರಿ ನಿಜವಾಗಿ ಸೋತಿದೆಯಾ?

ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಬೆಳಗ್ಗೆ ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಅಳೆಯಿರಿ. 24ರ ಗಾಡಿಯಾದರೆ ಎರಡೂ ಬ್ಯಾಟರಿಯನ್ನು ಬೇರೆ ಬೇರೆ ಅಳೆಯಿರಿ. 12.6 ಅಥವಾ ಮೇಲೆ ಇದ್ದರೆ ಪೂರ್ತಿ ತುಂಬಿದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗೆ ಇಳಿದಿದ್ದರೆ ಮೊದಲು ಚಾರ್ಜಿಗೆ ಹಾಕಿ, ಆಮೇಲೆ ಮುಂದಿನ ಮಾತು.

ಈಗ ಒಬ್ಬರು ಸೆಲ್ಫ್ ಹೊಡೆಯಲಿ, ನೀವು ಮೀಟರ್ ನೋಡಿ. ತುಂಬಿದ ಬ್ಯಾಟರಿ ಸೆಲ್ಫ್ ತಿರುಗುವಾಗಲೂ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ಬ್ಯಾಟರಿಯ ಮೇಲೆ ಅನುಮಾನ ಪಡಿ, ಜೊತೆಗೆ ಸೆಲ್ಫ್ ಒಳಗೆ ಎಲ್ಲೋ ಹಿಡಿದು ಜಾಸ್ತಿ ಎಳೆಯುತ್ತಿದೆಯಾ ಅಂತಲೂ ನೋಡಿ. 11ರ ಆಸುಪಾಸು ನಿಂತಿದ್ದೂ ಎಂಜಿನ್ ಸೋಮಾರಿಯಾಗಿ ತಿರುಗುತ್ತಿದ್ದರೆ, ಬ್ಯಾಟರಿ ತನ್ನ ಕೆಲಸ ಮಾಡಿದೆ. ಅದು ಕೊಟ್ಟದ್ದು ದಾರಿಯಲ್ಲಿ ಕಳೆದುಹೋಗುತ್ತಿದೆ.

ನಮ್ಮ ಜೀಪಿನಲ್ಲಿ ಆವತ್ತು ಬಂದದ್ದು 11.2.

ದಾರಿಯಲ್ಲಿ ಎಲ್ಲಿ ಕಳೆಯಿತು?

ಇಡೀ ಕೆಲಸದ ಜೀವಾಳ ಈ ಪರೀಕ್ಷೆ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ. ಬೇಕಾಗುವುದು ಕಡಿಮೆ ಬೆಲೆಯ ಒಂದು ಮಲ್ಟಿಮೀಟರ್, ಕೀ ತಿರುಗಿಸಲು ಒಬ್ಬರು.

ಎಂಜಿನ್ ಸ್ಟಾರ್ಟ್ ಆಗಬಾರದು, ಸೆಲ್ಫ್ ಮಾತ್ರ ತಿರುಗಬೇಕು. ಪೆಟ್ರೋಲ್ ಗಾಡಿಯಾದರೆ ಇಗ್ನಿಷನ್ ಕಾಯಿಲಿಗೆ ಬರುವ ಸಣ್ಣ ವೈರು ಬಿಚ್ಚಿ ಟೇಪ್ ಸುತ್ತಿ. ಡೀಸೆಲ್ ಆದರೆ ಸ್ಟಾಪ್ ನಾಬ್ ಎಳೆದು ಹಿಡಿಯಿರಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಮೇಲೆ. ಒಂದು ಸಲಕ್ಕೆ ನಾಲ್ಕೈದು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ಅದು ಕಾಯುತ್ತದೆ.

ಮೈನಸ್ ಅರ್ತ್ ಇರುವ ಗಾಡಿಯಲ್ಲಿ ಪ್ಲಸ್ ದಾರಿ ಮೊದಲು. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಸೀಸದ ಗೂಟದ ನೆತ್ತಿಗೆ ಒತ್ತಿ. ಗೂಟವನ್ನು ಕಚ್ಚಿ ಹಿಡಿದಿರುವ ಕೇಬಲ್ ತುದಿಯ ಕ್ಲಾಂಪಿಗೆ ಅಲ್ಲ, ಗೂಟಕ್ಕೇ. ಕಪ್ಪು ಕಡ್ಡಿಯನ್ನು ಸೆಲ್ಫ್ ಮೇಲೆ ದಪ್ಪ ಕೇಬಲ್ ಬಂದು ಸೇರುವ ತಾಮ್ರದ ಬೋಲ್ಟಿಗೆ ಒತ್ತಿ. ಸುಮ್ನೆ ಇದ್ದಾಗ ಮೀಟರ್ ಏನು ತೋರಿಸಿದರೂ ಲೆಕ್ಕಕ್ಕೆ ಬೇಡ. ಸೆಲ್ಫ್ ಹೊಡೆದಾಗ ಬರುವ ಸಂಖ್ಯೆಯೇ ಆ ದಾರಿಯಲ್ಲಿ ಕಳೆದ ವೋಲ್ಟೇಜು. 0.5ರ ಒಳಗಿದ್ದರೆ ಪರವಾಗಿಲ್ಲ.

ಆಮೇಲೆ ಅರ್ತ್ ದಾರಿ. ಕೆಂಪು ಕಡ್ಡಿ ಸೆಲ್ಫಿನ ಲೋಹದ ಮೈಗೆ, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೆ. ಮತ್ತೆ ಸೆಲ್ಫ್ ಹೊಡೆಯಿರಿ. ಇದೂ 0.5ರ ಒಳಗೇ ಇರಬೇಕು.

ನಮ್ಮ ಜೀಪಿನಲ್ಲಿ ಪ್ಲಸ್ ದಾರಿಯಲ್ಲಿ 0.4 ಬಂತು. ಅರ್ತ್ ದಾರಿಯಲ್ಲಿ 2.4! ಎರಡೂ ಸೇರಿ 2.8. ಬ್ಯಾಟರಿ ಕೊಟ್ಟ 11.2ರಲ್ಲಿ ಸೆಲ್ಫಿಗೆ ಮುಟ್ಟಿದ್ದು 8.4 ಮಾತ್ರ. ಎರಡು ಬ್ಯಾಟರಿಯ ದುಡ್ಡು ಎಲ್ಲಿ ಹೋಯಿತು ಅಂತ ಆ ಸಂಖ್ಯೆ ನೋಡಿದಾಗ ಗೊತ್ತಾಯಿತು.

ದಾರಿ ಸಿಕ್ಕಿದ ಮೇಲೆ ಜಾಗ ಹುಡುಕುವುದು ಸುಲಭ. ಕಡ್ಡಿಗಳನ್ನು ಹತ್ತಿರ ಹತ್ತಿರ ತಂದು ಒಂದೊಂದೇ ತುಂಡನ್ನು ಅಳೆಯಬೇಕು. ಮೈನಸ್ ಗೂಟದಿಂದ ಕ್ಲಾಂಪಿಗೆ: 0.1. ಕ್ಲಾಂಪಿನಿಂದ ಛಾಸಿಗೆ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ: 0.2. ಛಾಸಿಯಿಂದ ಎಂಜಿನ್ನಿಗೆ: 2.1. ಕಳ್ಳ ಅಲ್ಲೇ ಇದ್ದ.

ಎಂಜಿನ್ ರಬ್ಬರ್ ಮೇಲೆ ಕೂತಿದೆ

ಬ್ಯಾಟರಿಯ ಮೈನಸ್ಸು ಛಾಸಿಗೆ ಸೇರಿದೆ. ಸೆಲ್ಫ್ ಕೂತಿರುವುದು ಎಂಜಿನ್ ಮೇಲೆ. ಎಂಜಿನ್ ಛಾಸಿಯ ಮೇಲೆ ನೇರವಾಗಿ ಕೂತಿಲ್ಲ, ನಡುವೆ ರಬ್ಬರ್ ಮೌಂಟಿಂಗ್ ಇದೆ. ರಬ್ಬರಿನಲ್ಲಿ ಕರೆಂಟ್ ಹರಿಯಲ್ಲ. ಅದಕ್ಕೆ ಎಂಜಿನ್ನಿನಿಂದ ಛಾಸಿಗೆ ತಾಮ್ರದ ಎಳೆಗಳನ್ನು ಜಡೆಯ ಹಾಗೆ ಹೆಣೆದ ಒಂದು ಪಟ್ಟಿ ಹಾಕಿರುತ್ತಾರೆ. ಅದೇ ಅರ್ತ್ ಸ್ಟ್ರಾಪ್. ಎಣ್ಣೆ, ಮಣ್ಣು ಮೆತ್ತಿಕೊಂಡು ಎಲ್ಲೋ ಕೆಳಗೆ ನೇತಾಡುವ ಈ ಪಟ್ಟಿಯನ್ನು ಯಾರೂ ನೋಡುವುದಿಲ್ಲ. ಎಂಜಿನ್ ಬಿಚ್ಚಿ ಕೂರಿಸಿದಾಗ ಮರೆತೇ ಹೋಗುವುದೂ ಇದೆ.

ಪಟ್ಟಿ ತುಂಡಾದರೆ ಕರೆಂಟ್ ಸುಮ್ನೆ ಕೂರುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿಗೂ ಬಾಡಿಗೂ ನಡುವೆ ಲೋಹದ ನಂಟು ಇರುವುದು ಎಲ್ಲಿ? ಚೋಕ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲು. ನೂರಾರು ಆಂಪ್ಸ್ ಆ ಸಣ್ಣ ತಂತಿಯ ಮೇಲೆ ಮುಗಿಬೀಳುತ್ತದೆ. ಕೆಜಿಎಫ್ ಕಡೆಯ ವರ್ಕ್‌ಷಾಪಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಜೀಪು ನೋಡಲು ಬಂದಿದ್ದರು. ಬಾನೆಟ್ ಎತ್ತುವ ಮುಂಚೆಯೇ ಅವರು ಹೇಳಿದ್ದು ಒಂದೇ ಮಾತು: ‘ಸೆಲ್ಫ್ ಹೊಡೆದು ಚೋಕ್ ವೈರು ಮುಟ್ಟಿ ನೋಡಪ್ಪಾ.’ ಮುಟ್ಟಿದೆ. ಬಿಸಿ! ಸುಟ್ಟ ಪ್ಲಾಸ್ಟಿಕ್ಕಿನ ಸಣ್ಣ ವಾಸನೆಯೂ ಬರುತ್ತಿತ್ತು. ಕೆಳಗೆ ಮಲಗಿ ನೋಡಿದರೆ ಅರ್ತ್ ಸ್ಟ್ರಾಪಿನ ಜಡೆ ಮುಕ್ಕಾಲು ಪಾಲು ಹರಿದಿತ್ತು. ಉಳಿದ ಎಳೆಗಳು ಕಪ್ಪಾಗಿ, ಬೆರಳಲ್ಲಿ ತಿಕ್ಕಿದರೆ ಹಸಿರು ಪುಡಿ ಉದುರುತ್ತಿತ್ತು. ಹುಣಸೆಹಣ್ಣು ಕಾಣದ ತಾಮ್ರದ ಚೊಂಬಿಗೆ ಹಿಡಿಯುವ ಕಿಲುಬು ಇದೆಯಲ್ಲ, ಅದೇ.

ಚೋಕ್ ಕೇಬಲ್ ಬಿಸಿಯಾಗುವುದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಅದು ಹೋಗಿ ಸೇರುವುದು ಕಾರ್ಬುರೇಟರಿಗೆ. ಅಲ್ಲಿ ಪೆಟ್ರೋಲ್ ಇದೆ.

ಮಿಲಿಟರಿ ಗಾಡಿಯ ಅರ್ತ್ ಕೆಡಲು ಇನ್ನೊಂದು ಕಾರಣ ಪೇಂಟು. ಸೇನೆಯಲ್ಲಿ ಇದ್ದಾಗ ಒಂದಷ್ಟು ಸಲ, ಹೊರಗೆ ಬಂದ ಮೇಲೆ ಒಂದಷ್ಟು ಸಲ, ಇಡೀ ಗಾಡಿಗೆ ಹಸಿರು ಬಣ್ಣ ಹೊಡೆದಿರುತ್ತಾರೆ. ಅರ್ತ್ ಬೋಲ್ಟ್ ಕೂರುವ ಜಾಗಕ್ಕೂ ಬಣ್ಣ ಬಿದ್ದಿರುತ್ತದೆ. ಬಣ್ಣ ಅಂದರೆ ಕರೆಂಟಿಗೆ ಗೋಡೆ. ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಉಪಯೋಗ ಇಲ್ಲ. ಬಿಚ್ಚಿ, ಉಪ್ಪುಕಾಗದದಲ್ಲಿ ತಿಕ್ಕಿ, ಕಬ್ಬಿಣ ಹೊಳೆಯುವ ತನಕ ಕೆರೆದು, ಆಮೇಲೆ ಕೇಬಲ್ ತುದಿಯ ಲೋಹದ ಬಳೆ, ಅಂದರೆ ಲಗ್ ಕೂರಿಸಿ ಬಿಗಿ ಮಾಡಬೇಕು. ತುಕ್ಕು ಹಿಡಿಯದಂತೆ ಮೇಲಿನಿಂದ ಗ್ರೀಸ್ ಸವರಿ.

ಹಿಂದಿನ ಲೈಟುಗಳ ವಿಚಿತ್ರ ಆಟಕ್ಕೂ ಕಾರಣ ಹೆಚ್ಚಾಗಿ ಇದೇ. ಬ್ರೇಕ್ ತುಳಿದರೆ ಇಂಡಿಕೇಟರ್ ಮಿಣುಕುತ್ತದೆ, ಇಂಡಿಕೇಟರ್ ಹಾಕಿದರೆ ಟೇಲ್ ಲೈಟ್ ಕುಣಿಯುತ್ತದೆ. ಲ್ಯಾಂಪಿನ ಅರ್ತ್ ಕೆಟ್ಟಿದ್ದರೆ ಒಂದು ಬಲ್ಬಿನ ಕರೆಂಟ್ ಪಕ್ಕದ ಬಲ್ಬಿನ ಒಳಗಿಂದ ನುಸುಳಿ ವಾಪಸ್ ಹೋಗುತ್ತದೆ. ಸ್ವಿಚ್ ಬದಲಾಯಿಸುವ ಮುಂಚೆ ಲ್ಯಾಂಪಿನ ಮೈಯಿಂದ ಬ್ಯಾಟರಿಯ ಅರ್ತ್ ಗೂಟಕ್ಕೆ ಒಂದು ವೈರು ತಾಗಿಸಿ ನೋಡಿ. ಆಟ ನಿಂತರೆ ಕಾರಣ ಸಿಕ್ಕಿತು.

ಪ್ಲಸ್ ದಾರಿಯಲ್ಲಿ ನೋಡಬೇಕಾದ್ದು

ಕಿಲುಬು ಕ್ಲಾಂಪಿನ ಹೊರಗಿದ್ದರೆ ಕಣ್ಣಿಗೆ ಕಾಣುತ್ತದೆ. ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ ತೊಳೆದರೆ ನೊರೆ ಬಂದು ಹೋಗುತ್ತದೆ. ಆ ನೀರು ಬ್ಯಾಟರಿಯ ಒಳಗೆ ಹೋಗದಂತೆ ಮುಚ್ಚಳ ಬಿಗಿ ಇರಲಿ. ಆದರೆ ನಿಜವಾದ ತೊಂದರೆ ಕಾಣದ ಜಾಗದಲ್ಲಿರುತ್ತದೆ. ಆಸಿಡ್ಡಿನ ಹಬೆ ಮತ್ತು ತೇವ ತಾಮ್ರದ ಎಳೆಗಳ ನಡುವೆ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಒಳಗೆ ಏರುತ್ತದೆ. ಮೇಲಿನ ರಬ್ಬರ್ ಚೆನ್ನಾಗಿಯೇ ಕಾಣುತ್ತದೆ. ಕ್ಲಾಂಪಿನ ಹತ್ತಿರ ಕೇಬಲನ್ನು ಬೆರಳಲ್ಲಿ ಒತ್ತಿ, ಬಗ್ಗಿಸಿ ನೋಡಿ. ಉಬ್ಬಿದ್ದರೆ, ಒಳಗೆ ಕರಕರ ಅಂದರೆ, ಆ ಕೇಬಲ್ಲಿನ ಆಯಸ್ಸು ಮುಗಿದಿದೆ.

ಹಳೇ ಜೀಪುಗಳಲ್ಲಿ ಕಾಲಿನಿಂದ ತುಳಿಯುವ ಸೆಲ್ಫ್ ಸ್ವಿಚ್ಚು ಇರುತ್ತದೆ. ಆಮೇಲಿನವುಗಳಲ್ಲಿ ಸೊಲಿನಾಯ್ಡ್, ಅಂದರೆ ಕೀ ತಿರುಗಿಸಿದಾಗ ಕರೆಂಟಿನಿಂದಲೇ ಕೂಡಿಕೊಳ್ಳುವ ಸ್ವಿಚ್ಚು. ಎರಡರ ಒಳಗೂ ದಪ್ಪ ತಾಮ್ರದ ಕಾಂಟ್ಯಾಕ್ಟುಗಳಿವೆ, ಕಿಡಿ ಹಾರಿ ಹಾರಿ ಸುಟ್ಟು ಗುಳಿ ಬೀಳುತ್ತವೆ. ಸ್ವಿಚ್ಚಿನ ಎರಡು ಬೋಲ್ಟಿಗೆ ಎರಡು ಕಡ್ಡಿ ಇಟ್ಟು ಸೆಲ್ಫ್ ಹೊಡೆದರೆ 0.2ಕ್ಕಿಂತ ಜಾಸ್ತಿ ಬರಬಾರದು. ಇದನ್ನು ಅಳೆಯುವಾಗ ಮೀಟರ್ ಮೊದಲು ಪೂರ್ತಿ 12 ತೋರಿಸಿ, ಸೆಲ್ಫ್ ಹೊಡೆದಾಗ ಕೆಳಗೆ ಇಳಿಯುತ್ತದೆ. ಗಾಬರಿ ಬೇಡ, ಇಳಿದು ನಿಂತ ಸಂಖ್ಯೆಯನ್ನೇ ಓದಿ.

ಡ್ಯಾಶ್‌ಬೋರ್ಡಿನ ಆಂಪ್ ಮೀಟರನ್ನೂ ಮರೆಯಬೇಡಿ. ಎಷ್ಟೋ ಹಳೇ ಜೀಪುಗಳಲ್ಲಿ ಸೆಲ್ಫ್ ಬಿಟ್ಟು ಗಾಡಿಯ ಮಿಕ್ಕ ಕರೆಂಟೆಲ್ಲ ಅದರ ಹಿಂದಿನ ಎರಡು ನಟ್ಟುಗಳ ಮೂಲಕವೇ ಹೋಗುತ್ತದೆ. ಅಲ್ಲಿ ಒಂದು ನಟ್ಟು ಸಡಿಲ ಆದರೆ ಬಿಸಿಯಾಗಿ ವೈರಿನ ಮೈ ಕರಗುತ್ತದೆ. ಕೆಲವೊಮ್ಮೆ ಗುಂಡಿಗೆ ಬಿದ್ದ ತಕ್ಷಣ ಎಲ್ಲ ಆಫ್ ಆಗಿ, ಮುಂದಿನ ಗುಂಡಿಗೆ ಮತ್ತೆ ಆನ್ ಆಗುತ್ತದಲ್ಲ, ಮೊದಲು ಇಲ್ಲಿ ಹುಡುಕಿ.

ರಾತ್ರಿ ಸೋರುವ ಕರೆಂಟ್

ಸಂಜೆ ಚೆನ್ನಾಗಿದ್ದ ಬ್ಯಾಟರಿ ಎರಡು ಮೂರು ದಿನ ನಿಂತರೆ ಇಳಿದುಹೋಗುತ್ತದೆಯಾ? ಹಾಗಾದರೆ ಎಲ್ಲೋ ಸೋರುತ್ತಿದೆ, ಮುಚ್ಚದ ನಲ್ಲಿಯ ಹಾಗೆ. ಬರೀ ಅರ್ಧ ಆಂಪ್ ಸೋರಿದರೂ 60 ಆಂಪ್-ಅವರಿನ ಬ್ಯಾಟರಿ 120 ಗಂಟೆಯಲ್ಲಿ, ಅಂದರೆ ಐದು ದಿನದಲ್ಲಿ ಬರಿದಾಗುತ್ತದೆ. ಸೆಲ್ಫ್ ತಿರುಗದ ಹಾಗಾಗಲು ಆ ಐದು ದಿನದ ಅರ್ಧದಷ್ಟು ಸಾಕು.

ಕಂಡುಹಿಡಿಯಲು ಒಂದು ಸಣ್ಣ 5 ವ್ಯಾಟ್ ಬಲ್ಬು, ಎರಡು ವೈರು ಬೇಕು. ಕೀ ಆಫ್, ಎಲ್ಲ ಸ್ವಿಚ್ ಆಫ್. ಅರ್ತ್ ಕೇಬಲ್ ಬಿಚ್ಚಿ. ಬಲ್ಬಿನ ಒಂದು ವೈರು ಬ್ಯಾಟರಿಯ ಗೂಟಕ್ಕೆ, ಇನ್ನೊಂದು ಬಿಚ್ಚಿದ ಕೇಬಲ್ಲಿಗೆ. ಹಳೇ ಜೀಪಿನಲ್ಲಿ ಕಂಪ್ಯೂಟರ್ ಇಲ್ಲ, ಸೆಂಟ್ರಲ್ ಲಾಕ್ ಇಲ್ಲ. ಬಲ್ಬು ಉರಿಯಲೇಬಾರದು. ಮಂಕಾಗಿ ಉರಿದರೂ ಸೋರಿಕೆ ಇದೆ. ಬಲ್ಬು ಹಾಗೇ ಇರಲಿ, ಒಂದೊಂದೇ ಫ್ಯೂಸು ತೆಗೆಯಿರಿ. ಫ್ಯೂಸಿಲ್ಲದ ಕಡೆ ಒಂದೊಂದೇ ವೈರು ಬಿಚ್ಚಿ. ಯಾವುದನ್ನು ತೆಗೆದಾಗ ಬಲ್ಬು ಆರಿತೋ ಸೋರಿಕೆ ಆ ಕವಲಿನಲ್ಲಿದೆ. ಬಲ್ಬು ಕಟ್ಟಿದಾಗ ಸೆಲ್ಫ್ ಹೊಡೆಯಬೇಡಿ.

ಮಿಲಿಟರಿ ಗಾಡಿಯಲ್ಲಿ ಮೊದಲು ಅನುಮಾನ ಪಡಬೇಕಾದದ್ದು ವೈರ್‌ಲೆಸ್ ಸೆಟ್ಟಿನ ಆ ಹಳೇ ವೈರು. ಅದು ಬ್ಯಾಟರಿಗೆ ನೇರವಾಗಿ ಸೇರಿದ್ದರೆ, ಅದರ ತುದಿ ಬಾಡಿಗೆ ತಾಗಿದ ದಿನ ಬೆಂಕಿಗೇ ದಾರಿ. ಬ್ಯಾಟರಿಯ ಕಡೆಯ ತುದಿಯನ್ನೇ ಬಿಚ್ಚಿ ತೆಗೆಯಿರಿ. ಎರಡನೆಯದು ಟ್ರೈಲರ್ ಸಾಕೆಟ್. ಕೆಸರು ನೀರು ತುಂಬಿದರೆ ಲೈಟ್ ಹಾಕಿದಾಗ, ಬ್ರೇಕ್ ತುಳಿದಾಗ ಅಲ್ಲಿ ಕರೆಂಟ್ ಸೋರುತ್ತದೆ. ಮಳೆ ಬಂದ ಮರುದಿನವೇ ಫ್ಯೂಸು ಹೋಗುವ ಗಾಡಿಗಳಲ್ಲಿ ಮೊದಲು ಇದರ ಮುಚ್ಚಳ ಎತ್ತಿ ನೋಡಿ. ಮೂರನೆಯದು ಇಲಿ. ಹುಲ್ಲಿನ ಬಣವೆ ಪಕ್ಕ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡಿನ ಹಿಂದೆ ಟಾರ್ಚ್ ಬಿಟ್ಟು ನೋಡಿ.

ಡೈನಮೋ ಇರುವ ಗಾಡಿಯಲ್ಲಿ ‘ಕಟ್‌ಔಟ್’ ಅಂತ ಒಂದು ಭಾಗ ಇದೆ. ಬಾವಿಗೆ ಬಿಟ್ಟ ಪೈಪಿನ ಫುಟ್‌ವಾಲ್ವ್ ಹಾಗೆ. ಡೈನಮೋದಿಂದ ಬ್ಯಾಟರಿಗೆ ಕರೆಂಟ್ ಬಿಡುತ್ತದೆ, ವಾಪಸ್ ಬಿಡುವುದಿಲ್ಲ. ಅದರ ಪಾಯಿಂಟು ಅಂಟಿಕೊಂಡರೆ ಎಂಜಿನ್ ನಿಂತ ಮೇಲೂ ಬ್ಯಾಟರಿಯೇ ಡೈನಮೋವನ್ನು ತಿರುಗಿಸಲು ಒದ್ದಾಡುತ್ತದೆ. ಎಂಜಿನ್ ಆಫ್ ಮಾಡಿದ ಮೇಲೂ ಆಂಪ್ ಮೀಟರಿನ ಮುಳ್ಳು ಮೈನಸ್ ಕಡೆ ಪೂರ್ತಿ ವಾಲಿದ್ದರೆ ತಕ್ಷಣ ಬ್ಯಾಟರಿ ಕೇಬಲ್ ಬಿಚ್ಚಿ. ಇನ್ನು, ಎಂಜಿನ್ ನಿಧಾನವಾಗಿ ಓಡುವಾಗ ಮುಳ್ಳು ಸ್ವಲ್ಪ ಮೈನಸ್ ತೋರಿಸಿ, ರೇಸ್ ಕೊಟ್ಟಾಗ ಪ್ಲಸ್ಸಿಗೆ ಬಂದರೆ ಅದು ಡೈನಮೋದ ಗುಣ, ರಿಪೇರಿ ಬೇಕಿಲ್ಲ.

ಹೊಸ ಕೇಬಲ್ ಕೊಳ್ಳುವಾಗ

12 ವೋಲ್ಟಿನ ಜೀಪಿಗೆ 35ರಿಂದ 50 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿ. ತೆಗೆದ ಕೇಬಲ್ಲಿಗಿಂತ ಸಣ್ಣದು ಬೇಡ. 6 ವೋಲ್ಟಿನದಾದರೆ ಇನ್ನೂ ದಪ್ಪ ಬೇಕು, ಯಾಕೆಂದರೆ ಅದೇ ಕೆಲಸಕ್ಕೆ ದುಪ್ಪಟ್ಟು ಆಂಪ್ಸ್ ಹರಿಯುತ್ತದೆ. ಅಂಗಡಿಯಲ್ಲೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ, ಮೇಲೆ ಮಾತ್ರ ತಾಮ್ರದ ಲೇಪ. ವಾಪಸ್ ಕೊಟ್ಟುಬಿಡಿ. ವೆಲ್ಡಿಂಗ್ ಕೇಬಲ್ ಹಾಕುವವರೂ ಇದ್ದಾರೆ. ಎಳೆಗಳು ಸಣ್ಣಗಿರುವುದರಿಂದ ಚೆನ್ನಾಗಿ ಬಗ್ಗುತ್ತದೆ, ಆದರೆ ಎಣ್ಣೆ ಮತ್ತು ಬಿಸಿ ತಾಗುವ ಕಡೆ ಮೇಲೊಂದು ಸ್ಲೀವ್ ಹಾಕಿ.

ಲಗ್ಗನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಒಳಗೆ ಸಂದು ಉಳಿಯುತ್ತದೆ. ಆ ಸಂದಿನಲ್ಲೇ ಮತ್ತೆ ಕಿಲುಬು. ಬೋರ್‌ವೆಲ್ ಕೇಬಲ್ ಕೆಲಸ ಮಾಡುವವರ ಹತ್ತಿರ ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್ ಇರುತ್ತದೆ, ಅವರ ಹತ್ತಿರ ಒತ್ತಿಸಿ. ಸಣ್ಣ ವೈರುಗಳನ್ನು ಬರೀ ತಿರುಚಿ ಟೇಪ್ ಸುತ್ತಬೇಡಿ. ಜೀಪಿನ ಕುಲುಕಾಟಕ್ಕೆ ಅದು ಒಂದು ಮಳೆಗಾಲ ದಾಟುವುದಿಲ್ಲ.

ಬಟ್ಟೆ ಸುತ್ತಿದ ಹಳೇ ವೈರಿಂಗ್ ಬಗ್ಗಿಸಿದರೆ ಪುಡಿಪುಡಿ ಆಗುತ್ತಿದ್ದರೆ ತೇಪೆ ಹಾಕುತ್ತಾ ಕೂರಬೇಡಿ. ಇಡೀ ಕಟ್ಟನ್ನೇ ಹೊಸದಾಗಿ ಮಾಡಿಸಿ. ಹಳೆಯದನ್ನು ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಪ್ರತಿಯೊಂದು ಜೋಡಣೆಯ ಫೋಟೊ ತೆಗೆಯಿರಿ. ಕೆಲವು ಮಿಲಿಟರಿ ಗಾಡಿಗಳ ವೈರುಗಳಿಗೆ ನಂಬರ್ ಕೊರೆದ ಸಣ್ಣ ತಗಡಿನ ಪಟ್ಟಿ ಸುತ್ತಿರುತ್ತಾರೆ. ಅದನ್ನು ಬಿಸಾಡಬೇಡಿ. ಬಣ್ಣ ಮಾಸಿದ ಮೇಲೆ ವೈರು ಗುರುತಿಸಲು ಉಳಿಯುವುದು ಅದೊಂದೇ.

ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದಾಗ

ಸೆಲ್ಫ್ ಬಿಚ್ಚಿ ಕಾರ್ಬನ್ ಬ್ರಷ್ ಬದಲಾಯಿಸುವುದು, ಡೈನಮೋ ರಿಪೇರಿ, ರೆಗ್ಯುಲೇಟರ್ ಸೆಟ್ ಮಾಡುವುದು ಅವರ ಕೆಲಸ, ಅವರಿಗೇ ಬಿಡಿ. ಆದರೆ ‘ಗಾಡಿ ಸ್ಟಾರ್ಟ್ ಆಗ್ತಿಲ್ಲ ಅಣ್ಣ’ ಅಂತ ಮಾತ್ರ ಹೇಳಿ ಬಿಟ್ಟುಬರಬೇಡಿ. ಅಳತೆ ಬರೆದ ಚೀಟಿ ಕೊಡಿ. ಬ್ಯಾಟರಿ ಸುಮ್ನೆ ಇದ್ದಾಗ ಎಷ್ಟು, ಸೆಲ್ಫ್ ಹೊಡೆದಾಗ ಎಷ್ಟು, ಪ್ಲಸ್ ದಾರಿಯ ಡ್ರಾಪ್ ಎಷ್ಟು, ಅರ್ತ್ ದಾರಿಯದು ಎಷ್ಟು, ಎಂಜಿನ್ ರೇಸಿನಲ್ಲಿದ್ದಾಗ ಬ್ಯಾಟರಿಗೆ ಬರುವ ಚಾರ್ಜಿಂಗ್ ವೋಲ್ಟೇಜ್ ಎಷ್ಟು. 12ರ ಗಾಡಿಯಲ್ಲಿ ಅದು ಸುಮಾರು 13.8ರಿಂದ 14.4, 24ರದ್ದರಲ್ಲಿ 27.6ರಿಂದ 28.8 ಇರಬೇಕು. ಕೆಲಸ ಮುಗಿದ ಮೇಲೆ ಅವರ ಎದುರಿಗೇ ಮತ್ತೆ ಅಳೆಯಿರಿ. ಒಳ್ಳೆಯ ಕೆಲಸಗಾರ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ನಮ್ಮ ಜೀಪಿಗೆ ಹಾಕಿದ್ದು ಒಂದು ಹೊಸ ಅರ್ತ್ ಸ್ಟ್ರಾಪು, ಎರಡು ಲಗ್ಗು, ಬೋಲ್ಟಿನ ಅಡಿಯ ಬಣ್ಣ ಕೆರೆಯಲು ಒಂದು ಹಾಳೆ ಉಪ್ಪುಕಾಗದ. ಚೋಕ್ ಕೇಬಲ್ಲಿನ ಮೈ ಸುಟ್ಟಿದ್ದರಿಂದ ಅದನ್ನೂ ಬದಲಾಯಿಸಿದೆವು. ಆ ದಿನದ ಚೀಟಿ ಈಗಲೂ ಜೀಪಿನಲ್ಲೇ ಇದೆ. ಅರ್ತ್ ದಾರಿ, ಮೊದಲು 2.4, ಈಗ 0.3. ಸೆಲ್ಫಿಗೆ ಮುಟ್ಟಿದ್ದು ಮೊದಲು 8.4, ಈಗ 10. ಬ್ಯಾಟರಿ, ಅದೇ ಎರಡನೆಯದು.